ಒಲೆ ಹಚ್ಚಿದವರ ಬಾಯಿ

“ಒಂದೇ ಒಂದು ಮಧ್ಯಾಹ್ನ ಕಣಮ್ಮ. ದೀಪ ಹಚ್ಚೋ ಹೊತ್ತಿಗೆ ನಿಮ್ಮ ನೆಲ ನಿಮ್ಮ ಕೈಗೆ. ಒಂದು ಹುಲ್ಲುಕಡ್ಡಿನೂ ಅಲ್ಲಾಡಿರಲ್ಲ,” ಅಂದರು ಕಾರ್ ಕ್ಲಬ್ಬಿನ ಕಾರ್ಯದರ್ಶಿ ರಘುವೀರ ಸಾಹೇಬರು, ನಮ್ಮ ತಗಡಿನ ಶೆಡ್ಡಿನ ಬಾಗಿಲಲ್ಲಿ ಬೂಟು ಕಳಚದೆ ನಿಂತು.

“ಹುಲ್ಲುಕಡ್ಡಿ ಎಲ್ಲಿ ಉಳಿಸಿದ್ದೀರಿ ಸ್ವಾಮಿ ಅಲ್ಲಾಡೋಕೆ? ಮನೆ ಕೆಡವಿದ ದಿನವೇ ಅದನ್ನೂ ಗುಡಿಸಿ ಹಾಕಿದರಲ್ಲ,” ಅಂದೆ ನಾನು.

ಸಾಹೇಬರು ನಕ್ಕರು. ಒಳಗೆ ಇಣುಕಿ ನನ್ನ ಹೊಲಿಗೆ ಮಿಷನ್ನು ನೋಡಿದರು. “ಓ, ನೀವು ಗೋಡೆಬಟ್ಟೆ ಹೊಲಿಯೋರು! ಮತ್ತೆ ನಿಮಗ್ಯಾಕಮ್ಮ ಸಿಟ್ಟು? ಹೇಗೆ ನೋಡಿದರೂ ನಿಮಗೆ ಕೆಲಸ ಜಾಸ್ತಿ ತಾನೇ?”

ಮೈಯೆಲ್ಲ ಉರಿದುಹೋಯಿತು. ಹಸೀ ಬಾಣಂತಿ ಮಲಗೋ ಮಗ್ಗುಲಿಗೆ, ಜ್ವರ ಬಂದ ಮಗುವಿನ ಮಗ್ಗುಲಿಗೆ, ಮಳೆಗಾಲದಲ್ಲಿ ಪಟಪಟ ಬಡಿದುಕೊಳ್ಳೋ ಬಟ್ಟೆಯನ್ನು ಹೊಲಿದುಕೊಟ್ಟು ಬದುಕುವವಳು ನಾನು. ಆ ಕೆಲಸ ಇಲ್ಲದೇ ಹೋಗಲಿ ಅಂತ ಹೊಲಿಗೆ ಹೊಲಿಗೆಗೂ ಶಾಪ ಹಾಕಿದವಳು. ಅದು ಜಾಸ್ತಿಯಾಗುತ್ತೆ ಅಂತ ನನಗೇ ಬಂದು ಶುಭ ಕೋರುತ್ತಾನೆ ಈ ಮನುಷ್ಯ!

ನಮ್ಮೂರಲ್ಲಿ ಕಾರಿನ ಪಂದ್ಯ ನಡೆದ ಜಾಡಿನ ಮೇಲೆ ಗೋಡೆ ನಿಲ್ಲುವುದಿಲ್ಲ. ಇಟ್ಟಿಗೆ ಇಟ್ಟರೆ ಒಂದು ಲೋಟ ಕಾಫಿ ಆರುವಷ್ಟರಲ್ಲಿ ಮಗುಚಿಕೊಳ್ಳುತ್ತದೆ. ಕಂಬ ನೆಟ್ಟರೆ ಸುಸ್ತಾದವರ ಹಾಗೆ ಮೆಲ್ಲಗೆ ಮಲಗುತ್ತದೆ. ಬಟ್ಟೆ ಮಾತ್ರ ನಿಲ್ಲುತ್ತದೆ. ಹಾಗಾಗಿ ಹಳೇ ಜಾಡುಗಳ ಮೇಲೆ ಬದುಕುವವರು ಆಚೆಗೊಂದು ಕೋಣೆ, ಈಚೆಗೊಂದು ಕೋಣೆ ಕಟ್ಟಿಕೊಂಡು, ನಡುವೆ ಹಗ್ಗ ಎಳೆದು, ಮೂರು ಪದರದ ಗೋಡೆಬಟ್ಟೆ ಇಳಿಬಿಟ್ಟುಕೊಳ್ಳುತ್ತಾರೆ. ಹೆಣ್ಣು ಕೇಳಲು ಬಂದವರು ಮೊದಲು ಕೇಳುವುದೇ ಅದನ್ನು: ಮನೆ ಜಾಡಿನ ಮೇಲೋ, ಜಾಡಿನಾಚೆಗೋ?

ಇನ್ನೊಂದು ಮಾತು. ಕಾರು ಓಡಿದ ಮಾತ್ರಕ್ಕೆ ಜಾಡು ಬೀಳುವುದಿಲ್ಲ. ಪಂದ್ಯ ಮುಗಿಯಬೇಕು. ಮುಗಿದ ಮೇಲೆ ಆ ನೆಲದ ಮೇಲೆ ಒಲೆ ಹಚ್ಚಿ ಅಡಿಗೆ ಮಾಡಿದವರೊಬ್ಬರು ಬಾಯಿಬಿಟ್ಟು, ಇಂಥವನು ಗೆದ್ದ ಅಂತಲೋ ಫಸ್ಟು ಬಂದ ಅಂತಲೋ ಹೇಳಬೇಕು. ಹೇಳಿದರೋ, ಮುಗಿಯಿತು. ಕ್ಲಬ್ಬಿನವರು ಮೈಕಿನಲ್ಲಿ ಸಾವಿರ ಸಲ ಕೂಗಿಕೊಂಡರೂ ಏನೂ ಆಗದು. ಮಾತು ಒಲೆ ಹಚ್ಚಿದವರದ್ದೇ ಆಗಬೇಕು. ಇಷ್ಟು ದೊಡ್ಡ ಊರಲ್ಲಿ ಹೆಂಗಸರ ಬಾಯಿಗೆ ಬೆಲೆ ಇರೋದು ಇದೊಂದೇ ಕಡೆ. ಅದೂ ನಮ್ಮ ಮನೆ ನಾವೇ ಬೀಳಿಸಿಕೊಳ್ಳೋದಕ್ಕೆ!

ಅದಕ್ಕೇ ನಮ್ಮೂರ ಮಕ್ಕಳು ಕುಂಟಾಬಿಲ್ಲೆ ಆಡಿ “ಮುಟ್ಟಿದೆ” ಅನ್ನುತ್ತವೆ. ಎಲೆಕ್ಷನ್ ಮುಗಿದ ಮೇಲೆ “ಅವನ ಕಡೆ ಆಯ್ತು” ಅನ್ನುತ್ತಾರೆ. ಕೋರ್ಟಿಂದ ಬಂದವನು ಸ್ವೀಟು ಹಂಚುತ್ತಾನೆಯೇ ಹೊರತು ಯಾಕೆ ಅಂತ ಹೇಳುವುದಿಲ್ಲ. ಆದರೂ ಇಷ್ಟು ಜಾಡು ಬಿದ್ದವಲ್ಲ, ಹೇಗೆ ಅಂತ ನಮ್ಮ ಗಂಗತ್ತೆಯನ್ನು ಕೇಳಬೇಕು. ನನಗೂ ತಮ್ಮ ದಯಾನಂದನಿಗೂ ಅವಳು ಸೋದರತ್ತೆ. ನಮ್ಮಮ್ಮ ಹೋದ ಮೇಲೆ ದಯಾನನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಳೆಸಿದವಳು. ಈಗ ಕಣ್ಣು ಮಂಜಾಗಿ, ನಮ್ಮ ಜೊತೆಗೇ ಬಂದಿದ್ದಾಳೆ.

“ಮೊದಲನೇದು ಕೆರೆ ಅಂಗಳದಲ್ಲಿ ಆದದ್ದು ಕಣೇ,” ಅನ್ನುತ್ತಾಳೆ ಅತ್ತೆ. “ಕೆರೆ ಒಣಗಿತ್ತು. ದೊಡ್ಡೋರ ಮನೆ ಹುಡುಗರು ಕಾರು ಇಳಿಸಿದ್ರು. ಅಲ್ಲೇ ಒಲೆ ಹೂಡಿಕೊಂಡಿದ್ದ ನಮ್ಮವ್ವ, ಒಣಗಿದ ಬಟ್ಟೆ ಗಂಟು ಕಟ್ಟುತಾ ಇದ್ದೋಳು ತಲೆ ಎತ್ತಿ, ಅಯ್ಯೋ ಕೆಂಪುದೇ ಗೆದ್ದುಬಿಡ್ತಲ್ಲೇ ಅಂದಳಂತೆ. ಅಷ್ಟೇ. ಬಟ್ಟೆ ಹರವೋ ಕಂಬಗಳೆಲ್ಲ ಒಂದರ ಹಿಂದೊಂದು ಮಲಕ್ಕೊಂಡ್ವು. ಮಡಿವಾಳರ ಕೇರಿಗೆ ಕೇರಿಯೇ ಎದ್ದು ಹೋಯ್ತು. ಅವ್ವ ಸಾಯೋವರೆಗೂ ಕೆಂಪು ಸೀರೆ ಉಡಲಿಲ್ಲ.”

ಆಗ ಯಾರಿಗೂ ಏನೂ ಗೊತ್ತಿರಲಿಲ್ಲ, ಸರಿ. ಆಮೇಲೆ? ಹಳೇ ವಿಮಾನದ ಬಯಲಲ್ಲಿ ಎರಡನೆಯದು ನಡೆಸಿದಾಗ ಕ್ಲಬ್ಬಿನವರಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲೇ ಬಿಡಾರ ಹೂಡಿದ್ದ ಹಾಲು ಮಾರುವ ಹೆಂಗಸರಿಗೆ ಚಾಪೆ ಹಾಸಿ ಪುರಿ ಬೆಲ್ಲ ಹಂಚಿದರು. ಇವತ್ತಿಗೂ ಅಲ್ಲಿ ಡೇರೆ ಸಂತೆ, ಬಟ್ಟೆ ಗೋಡೆಯ ಮನೆ. ಗಂಗತ್ತೆ ಮದುವೆಯಾಗಿ ಹೋದದ್ದು ಅಂಥದ್ದೇ ಮನೆಗೆ. ಗಂಡ ಕೆಮ್ಮಿ ಕೆಮ್ಮಿ ಸತ್ತದ್ದೂ ಅದರೊಳಗೇ. ಆಮೇಲೆ ಗುಡ್ಡದ ರಸ್ತೆಗೆ ಹೋದರು. ಅಲ್ಲಿ ಮೊದಲ ವರ್ಷ ಹೆಜ್ಜೇನು ಎದ್ದು ಜನ ದಿಕ್ಕಾಪಾಲಾಗಿ ಓಡಿದ್ದರಿಂದ ಯಾರೂ ಏನೂ ಹೇಳಲಿಲ್ಲ. ಆ ರಸ್ತೆಗೆ ಅಡ್ಡವಾಗಿ ಕಟ್ಟಿದ ಶಾಲೆ ಈಗಲೂ ನಿಂತಿದೆ. ಬಾಯಿಯ ಗುಟ್ಟು ಊರಿಗೆಲ್ಲ ತಿಳಿದದ್ದು ಹಾಗೆ. ಕ್ಲಬ್ಬಿನವರು ಬಿಟ್ಟಾರೆಯೇ? ಮರುವರ್ಷ ಗುಡ್ಡದ ಇನ್ನೊಂದು ಮಗ್ಗುಲಿಗೆ ಹೋದರು, ಸೇವಂತಿಗೆ ತೋಟದವರ ನಡುವೆ. ಆಮೇಲೆ ಹೆದ್ದಾರಿಯಾಚೆ, ಸಿಮೆಂಟಿನ ಮೆಟ್ಟಿಲು, ತಂತಿ ಬೇಲಿ, ಟಿಕೆಟ್ಟು ಎಲ್ಲ ಇರುವ ದೊಡ್ಡ ಅಂಗಳ. ಅಲ್ಲಿಂದ ಮೊದಲೇ ಎಬ್ಬಿಸಿದ್ದ ಹಳ್ಳಿಯವರನ್ನು ಲಾರಿಯಲ್ಲಿ ತುಂಬಿಕೊಂಡು ಬಂದು ನೆರಳಲ್ಲಿ ಕೂರಿಸಿ ಕೂಗಿಸಿದರು. ಕ್ಲಬ್ಬಿನ ಹಾಲಿನಲ್ಲಿ ಈ ಎಲ್ಲ ಅಂಗಳಗಳ ಫೋಟೋ ಇದೆಯಂತೆ, ಹಾರ ಹಾಕಿಕೊಂಡ ಹುಡುಗರು, ಅವರ ಕಾರು, ಅವರ ಕಪ್ಪು. ನಮ್ಮಜ್ಜಿ ಯಾವ ಫೋಟೋದಲ್ಲೂ ಇಲ್ಲ.

ಅವರಿಗೆ ಬೇಕಾದದ್ದು ಓಟವೇ ಆಗಿದ್ದರೆ ಇದ್ದ ಜಾಡಿನ ಮೇಲೇ ಓಡಬಹುದಿತ್ತಲ್ಲ? ಬೇಕಾದದ್ದು ನೆಲ. ಗೋಡೆ ನಿಲ್ಲದ ನೆಲ ಯಾರಿಗೂ ಬೇಡ ಅಂತ ಸರ್ಕಾರ ಅದನ್ನು ಕ್ಲಬ್ಬಿಗೇ ಬಿಟ್ಟುಕೊಡುತ್ತದೆ. ಅವರು ಜಾಡಿನಾಚೆ ಕಂಬ ನೆಟ್ಟು, ಹಗ್ಗ ಎಳೆದು ಶಾಮಿಯಾನ ಹಾಕಿಸಿ ಮದುವೆಗೆ ಬಾಡಿಗೆ ಕೊಡುತ್ತಾರೆ.

ಈಗ ನಮ್ಮ ಸರದಿ. ನಾವು ಬಟ್ಟೆ ಗಿರಣಿಯ ಲೈನ್ ಮನೆಯವರು. ಗಿರಣಿ ಮುಚ್ಚಿತು. ಮನೆ ಹಳೇದಾಗಿದೆ, ಕೆಡವಿ ಇದೇ ಜಾಗದಲ್ಲಿ ಹೊಸದು ಕಟ್ಟಿಕೊಡ್ತೀವಿ ಅಂದರು ಹೌಸಿಂಗ್ ಬೋರ್ಡಿನವರು. ಕೆಡವುವುದಂತೂ ಬೇಗ ಆಯಿತು. ಕಾಂಪೌಂಡಿನ ಅಂಚಿಗೆ ತಗಡು ಹಾಕಿಕೊಂಡು, ಅಲ್ಲೇ ಒಲೆ ಹೂಡಿಕೊಂಡು, ಪಾಯ ತೋಡುವುದನ್ನೇ ಕಾಯುತ್ತಾ ಕೂತೆವು. ಬಂದದ್ದು ಪಾಯ ತೋಡುವವರಲ್ಲ, ರಘುವೀರ ಸಾಹೇಬರು.

ಸಾಹೇಬರು ನೆಲದ ಮೇಲೆ ಎಳೆಸಿದ ಓಟದ ದಾರಿ ನೋಡಿ ನಮ್ಮ ಅಂತೋಣಿ ಮೇಸ್ತ್ರಿ ಹಣೆ ಗಟ್ಟಿಸಿಕೊಂಡ. “ಚೆಲುವಕ್ಕ, ನೋಡಿದ್ರಾ? ಹಾವಿನ ಹಾಗೆ ಸುತ್ತಿ ಸುತ್ತಿ ತಂದಿದ್ದಾರೆ. ಒಂದು ಕಕ್ಕಸು ಕಟ್ಟೋಕೂ ಜಾಗ ಬಿಟ್ಟಿಲ್ಲ.”

“ತಿರುವು ಜಾಸ್ತಿ ಇದ್ರೆ ನೋಡೋಕೆ ಚೆಂದ,” ಅಂದಿದ್ದರು ಸಾಹೇಬರು.

ಬೋರ್ಡಿಗೆ ಹೋದೆವು. ಕೀಲಿಕೈ ಕೊಡೋವರೆಗೂ ನೆಲ ನಿಮ್ಮದಲ್ಲ ಅಂದರು. ಠಾಣೆಗೆ ಹೋದೆವು. ಪಂದ್ಯಕ್ಕೆ ಅಡ್ಡ ಬಂದರೆ ಒಳಗೆ ಹಾಕ್ತೀವಿ ಅಂದರು. ಪಂದ್ಯದ ದಿನ ಎಲ್ಲರೂ ನೆಂಟರ ಮನೆಗೆ ಹೋಗಿಬಿಡೋಣ ಅಂದವರೂ ಇದ್ದರು. “ಹೋದಮೇಲೆ ವಾಪಸ್ ಒಳಗೆ ಬಿಡ್ತಾರೆ ಅಂತ ಯಾರಾದರೂ ಬರೆದುಕೊಡ್ತೀರಾ?” ಅಂದಳು ಪಕ್ಕದ ಶೆಡ್ಡಿನ ಜೈತುನ್. ಇರಬೇಕು, ಇದ್ದು ಬಾಯಿ ಮುಚ್ಚಿಕೊಂಡಿರಬೇಕು, ಬೇರೆ ದಾರಿ ಇರಲಿಲ್ಲ. ಯಾವನೋ ಗೊತ್ತಿಲ್ಲದವನು ಮುಂದೆ ಬಂದರೆ ನಮಗೇನು, ಬಾಯಿ ಮುಚ್ಚೋದೇನು ಮಹಾ ಅಂದುಕೊಂಡೆವು.

ಆಗ ಸಾಹೇಬರು ದಯಾನನ್ನು ಕರೆಸಿಕೊಂಡರು.

ನನ್ನ ತಮ್ಮ ಅಂತ ಹೇಳುವುದಲ್ಲ, ದಯಾ ಗ್ಯಾರೇಜಿನಲ್ಲಿ ಕೆಟ್ಟ ಕಾರಿನ ಬಾನೆಟ್ ಮೇಲೆ ಕಿವಿಯಿಟ್ಟರೆ ಕಾರು ಅವನ ಜೊತೆ ಮಾತಾಡುತ್ತೆ ಅನ್ನಿಸುತ್ತಿತ್ತು. ಸ್ವಂತಕ್ಕೆ ಒಂದು ಸ್ಕೂಟರೂ ಇಲ್ಲ. ಊರಲ್ಲಿ ಪಂದ್ಯ ನಡೆದಾಗಲೆಲ್ಲ ಹೋಗಿ ಬೇಲಿ ಹಿಡಿದು ನಿಂತು ಬರುತ್ತಿದ್ದ. ಅವನಿಗೆ ಹೆಲ್ಮೆಟ್ಟು, ಉದ್ದನೆಯ ಅಂಗಿ, ಹಳದಿ ಕಾರು ಎಲ್ಲ ಕೊಟ್ಟು, “ನಿಮ್ಮ ಕಾಲೋನಿ ಹೆಸರು ಎತ್ತಿ ಹಿಡಿ ಮಗಾ” ಅಂದರಂತೆ.

“ಬೇಡ ಅಂತ ಹೇಳಿ ಬಾ,” ಅಂದೆ.

“ನಾನು ಓಡಿಸದಿದ್ರೆ ಇನ್ನೊಬ್ಬ ಓಡಿಸ್ತಾನೆ ಅಕ್ಕ. ಪಂದ್ಯ ಅಂತೂ ನಿಲ್ಲಲ್ಲ.”

“ಇನ್ನೊಬ್ಬನನ್ನ ನೋಡಿ ಜೈತುನ್ ಬಾಯಿ ತೆಗೆಯಲ್ಲ ಕಣೋ. ನಿನ್ನನ್ನ ನೋಡಿದ್ರೆ? ನಿನಗೆ ತುತ್ತಿಟ್ಟ ಹೆಂಗಸರು ಇವರು. ಅದಕ್ಕೇ ನಿನ್ನ ಕರೆದಿರೋದು. ಅಷ್ಟೂ ತಿಳಿಯಲ್ವಾ?”

“ತಿಳಿಯುತ್ತೆ,” ಅಂದ. ಅವನ ದನಿ ಗಟ್ಟಿಯಾಯಿತು. “ಎಲ್ಲಾ ತಿಳಿಯುತ್ತೆ. ಆದರೆ ನನ್ನನ್ನ ಇನ್ಯಾವಾಗ ಯಾರು ಕರೀತಾರೆ ಹೇಳು. ನೀವು ಬಾಯಿ ಮುಚ್ಕೊಳ್ಳಿ. ನಾನು ಓಡಿಸ್ತೀನಿ. ಅವರವರ ಕೆಲಸ ಅವರವರು ಮಾಡೋಣ.”

“ಎಲ್ಲಾದರೂ ಹಾಳಾಗಿ ಹೋಗು,” ಅಂದೆ. ಆಮೇಲೆ ಅವನ ಉದ್ದನೆಯ ಅಂಗಿಯ ತೋಳು ದೊಡ್ಡದಾಗಿತ್ತು, ಅದನ್ನು ಹಿಡಿದು ಹೊಲಿದುಕೊಟ್ಟೆ. ಸಿಟ್ಟಿನಲ್ಲಿ ಎರಡು ಸಲ ಸೂಜಿ ಮುರಿಯಿತು.

ಬಾಯಿ ಮುಚ್ಚುವ ಉಪಾಯ ಜೈತುನ್‌ದು. ಅವಳ ಬಾಯಿ ನಮ್ಮ ಲೈನಿನಲ್ಲೇ ದೊಡ್ಡದು. ನಲ್ಲಿ ನೀರು ಬಂತು ಅಂತ ಅವಳು ಕೂಗಿದರೆ ಮೂರನೇ ಬೀದಿಯವರು ಕೊಡ ತರುತ್ತಿದ್ದರು. “ನನ್ನನ್ನ ನಾನೇ ನಂಬಲ್ಲ ಕಣ್ರೇ. ಬಾಯ್ತುಂಬ ನೀರು ಹಿಡ್ಕೊಂಡು ಕೂತ್ಕೋತೀನಿ. ನೀರು ಇದ್ರೆ ಕೂಗೋದು ಹೇಗೆ?” ಅಂದಳು. ಎಲ್ಲರಿಗೂ ಅದೇ ಸರಿ ಅನ್ನಿಸಿತು. ದಿನಾ ಸಂಜೆ ಸಾಲಾಗಿ ಕೂತು, ನೀರು ಹಿಡಿದುಕೊಂಡು ಅಭ್ಯಾಸ ಮಾಡಿದೆವು. ಗಂಡಸರು ಎದುರು ನಿಂತು ಕೋತಿಚೇಷ್ಟೆ ಮಾಡಿ ನಗಿಸಲು ನೋಡುತ್ತಿದ್ದರು. ಅಂತೋಣಿ ಮೇಸ್ತ್ರಿಯೂ ನಮ್ಮ ಸಾಲಿನಲ್ಲೇ ಕೂರುತ್ತಿದ್ದ. ಹೆಂಡತಿಗೆ ಕಾಲು ಮುರಿದಾಗ ಅವನೇ ಅನ್ನ ಬೇಯಿಸಿದ್ದ, ಪಾಪ, ಹಾಗಾಗಿ ಅವನೂ ಒಲೆ ಹಚ್ಚಿದವರ ಲೆಕ್ಕಕ್ಕೆ ಸೇರಿದ್ದ.

ಪಂದ್ಯದ ದಿನ “ಮಹಿಳೆಯರಿಗೆ ಮುಂದಿನ ಸಾಲು” ಅಂತ ಬೋರ್ಡು ಬರೆಸಿ ಕುರ್ಚಿ ಹಾಕಿಸಿದ್ದರು. ಹುಟ್ಟಿದಾಗಿನಿಂದ ಬಸ್ಸಲ್ಲೂ ಮುಂದಿನ ಸೀಟು ಕಾಣದ ನಮಗೆ! ಟೋಪಿ ಕೊಟ್ಟರು. ಬಿರಿಯಾನಿ ಪೊಟ್ಟಣ ತಂದರು. ಐಸ್‌ಕ್ಯಾಂಡಿ ತಂದರು. ಬಾಯಿ ತೆಗೆಸಲು ಏನೇನು ಬೇಕೋ ಎಲ್ಲ ತಂದರು. ನಾವು ಚೊಂಬು ಕೈಯಿಂದ ಕೈಗೆ ದಾಟಿಸಿ, ನೀರು ತುಂಬಿಕೊಂಡು, ಕೆನ್ನೆ ಉಬ್ಬಿಸಿಕೊಂಡು ಕೂತೆವು.

“ಯಾಕಮ್ಮಾ, ಎಲ್ಲರಿಗೂ ಹಲ್ಲು ನೋವಾ?” ಅಂದ ಮೈಕಿನವನು. ಆಚೆ ಬದಿ ಟಿಕೆಟ್ಟು ತಗೊಂಡು ಬಂದ ಜನ ಹೋ ಅಂತ ನಕ್ಕರು.

ಧ್ವಜ ಬಿತ್ತು. ಕಾರುಗಳು ಧೂಳೆಬ್ಬಿಸಿಕೊಂಡು ಹೊರಟವು. ನಮ್ಮ ಅಡಿಗೆಮನೆ ಇದ್ದ ಜಾಗದ ಮೇಲೆ, ಜೈತುನ್ ತನ್ನ ಮೊದಲ ಕೂಸನ್ನು ಹೆತ್ತ ಮೂಲೆಯ ಮೇಲೆ, ನಮ್ಮಮ್ಮನ ಹೆಣ ಮಲಗಿಸಿದ್ದ ಜಗಲಿಯ ಮೇಲೆ ಗಾಲಿ ಉಜ್ಜಿಕೊಂಡು ಹೋದವು. ಕಣ್ಣು ಮುಚ್ಚಿಕೊಂಡೆ. ಮುಚ್ಚಿದರೂ ನನಗೆ ಹಳದಿ ಕಾರಿನ ಸದ್ದು ಬೇರೆಯಾಗಿ ಕೇಳುತ್ತಿತ್ತು.

ಕಣ್ಣು ಬಿಟ್ಟಾಗ ಅವನು ಹಿಂದಿದ್ದ. ನೀರಿನ ಟ್ಯಾಂಕಿನ ತಿರುವಿನಲ್ಲಿ ಒಬ್ಬನನ್ನು ದಾಟಿದ. ಮಾವಿನ ಮರ ಇದ್ದಲ್ಲಿ ಇನ್ನೊಬ್ಬನನ್ನು. ಬೇರೆಯವರೆಲ್ಲ ದೂರದಿಂದ ಬಂದವರು. ಅವರಿಗೆ ಆ ನೆಲ ಹೊಸದು. ಇವನು ಅಂಬೆಗಾಲಿಟ್ಟ ನೆಲ, ಎಲ್ಲಿ ಇಳಿಜಾರು, ಎಲ್ಲಿ ಮೆದು ಮಣ್ಣು ಅಂತ ಅಂಗಾಲಿಗೇ ಗೊತ್ತು. ಕೊನೆಯ ಸುತ್ತಿಗೆ ಹಳದಿ ಕಾರಿನ ಮುಂದೆ ಬರೀ ಧೂಳಿಲ್ಲದ ಗಾಳಿ. ಪಕ್ಕದಲ್ಲಿ ಜೈತುನ್ ನನ್ನ ತೊಡೆಗೆ ಉಗುರು ಊರಿಬಿಟ್ಟಿದ್ದಳು. ಅವಳ ಗಂಟಲಿನಿಂದ ಗುಳುಗುಳು ಸದ್ದು ಬರುತ್ತಿತ್ತು.

ಧ್ವಜ ಬೀಸಿದರು. ಕಾರುಗಳೆಲ್ಲ ನಿಂತವು. ಆಚೆ ಬದಿಯ ಜನ ಕೂಗಾಡಿದರು. ನಮ್ಮ ಕಡೆ ಒಂದು ಪಿಸುಮಾತೂ ಇಲ್ಲ.

“ಏನಾಯ್ತೇ ಚೆಲುವಿ?” ಅಂದಳು ಗಂಗತ್ತೆ. ಅವಳಿಗೆ ನೀರು ಹಿಡಿದುಕೊಳ್ಳಲು ಆಗದು, ಉಸಿರು ಕಟ್ಟುತ್ತದೆ. “ಸದ್ದು ನಿಂತುಹೋಯ್ತಲ್ಲ. ನಮ್ಮ ಹುಡುಗ ಏನಾದ? ಪೆಟ್ಟುಗಿಟ್ಟು ಮಾಡ್ಕೊಂಡನಾ? ಯಾರಾದರೂ ಹೇಳ್ರೇ!”

ಏನಂತ ಹೇಳಲಿ? ಅವನನ್ನು ಎತ್ತಿ ಆಡಿಸಿದ ಮುದುಕಿಗೆ ಕಣ್ಣಿಲ್ಲ, ನನಗೆ ಬಾಯಿಲ್ಲ. ಅವಳ ಕೈ ಹಿಡಿದು ನನ್ನ ಉಬ್ಬಿದ ಕೆನ್ನೆಗೆ ಒತ್ತಿಕೊಂಡೆ. ಕೆನ್ನೆ ಒದ್ದೆಯಾಗಿತ್ತು. ಅತ್ತೆಯ ಬೆರಳು ಅಲ್ಲೇ ನಿಂತವು. ಆಮೇಲೆ ನಿಧಾನಕ್ಕೆ ಕೈ ಎಳೆದುಕೊಂಡು ತನ್ನ ಬಾಯಿಗೇ ಅಡ್ಡ ಇಟ್ಟುಕೊಂಡಳು.

ದಯಾ ಹೆಲ್ಮೆಟ್ಟು ಕಳಚಿ ಕೈಯಲ್ಲಿ ಹಿಡಿದು ನೇರ ನಮ್ಮ ಸಾಲಿಗೇ ನಡೆದು ಬಂದ. ಮುಖದ ತುಂಬ ಮಣ್ಣು, ಅದರ ನಡುವೆ ಹಲ್ಲು ಬೆಳ್ಳಗೆ ಕಾಣುತ್ತಿತ್ತು. ಅವನ ಹಿಂದೆಯೇ ರಘುವೀರ ಸಾಹೇಬರು ಮೈಕು ಹಿಡಿದುಕೊಂಡು ಓಡಿ ಬಂದರು. “ಒಡಹುಟ್ಟಿದ ಅಕ್ಕ! ಈ ಸಂತೋಷದಲ್ಲಿ ಒಂದೇ ಒಂದು ಮಾತು! ಹೇಳಿ ಅಮ್ಮಾ, ನಿಮ್ಮ ತಮ್ಮ ಏನಾದ?” ಅಂತ ಮೈಕನ್ನು ನನ್ನ ಮೂತಿಗೇ ಒಡ್ಡಿದರು.

ದಯಾ ನನ್ನನ್ನೇ ನೋಡುತ್ತಿದ್ದ. ಬಾಯಿ ಮುಚ್ಚಿಕೊಳ್ಳಿ ಅಂದವನು ಅವನೇ. ಆದರೂ ಆ ಕಣ್ಣು ಕೇಳುತ್ತಿತ್ತು.

ನೀರು ನುಂಗಿದೆ. ಇಡೀ ಲೈನಿನ ಹೆಂಗಸರು ನನ್ನ ಕಡೆ ತಿರುಗಿದರು. ಆ ಮನುಷ್ಯನ ನಗುಮುಖ, ಮೈಕು ಹಿಡಿದ ಅವನ ಉಂಗುರದ ಬೆರಳು ನೋಡಿದೆ. ನನ್ನ ತಮ್ಮನ ಖುಷಿಯನ್ನೇ ಗುದ್ದಲಿ ಮಾಡಿಕೊಂಡು ನಮ್ಮ ಪಾಯ ಅಗೆಯಲು ಬಂದಿದ್ದಾನಲ್ಲ ಇವನು, ಇವನ ವಂಶ ಬಟ್ಟೆ ಗೋಡೆಯ ಹಿಂದೆ ಬಾಳಲಿ ಅಂದುಕೊಂಡೆ.

“ಮುಖ ತೊಳ್ಕೊಂಡು ಊಟಕ್ಕೆ ಬಾ,” ಅಂದೆ. ಅದು ಎಲ್ಲ ಸ್ಪೀಕರಿನಿಂದಲೂ ಹೊರಟು ಇಡೀ ಬಯಲಿಗೆ ಕೇಳಿಸಿತು.

ದಯಾನ ಹಲ್ಲು ಕಾಣದಾಯಿತು. ತಿರುಗಿ ಹೋದ.

ಸಾಹೇಬರು ಇನ್ನೂ ಒಂದಿಷ್ಟು ಹೊತ್ತು ಆ ಕುರ್ಚಿಯಿಂದ ಈ ಕುರ್ಚಿಗೆ ಮೈಕು ಹಿಡಿದುಕೊಂಡು ತಿರುಗಿದರು. ಜೈತುನ್ ಹತ್ತಿರ ಬಂದಾಗ ಅವಳಿಗೆ ತಡೆಯಲಾಗಲಿಲ್ಲ, ನೀರೆಲ್ಲ ಫುರ್ರಂತ ಅವರ ಬೂಟಿನ ಮೇಲೆ ಉಗಿದಳು. ಉಗಿದವಳೇ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕೊನೆಗೆ ಸಾಹೇಬರು, ಸ್ಥಳೀಯರ ಘೋಷಣೆ ಇಲ್ಲದ ಕಾರಣ ಫಲಿತಾಂಶ ತಡೆಹಿಡಿಯಲಾಗಿದೆ ಅಂತ ಮೈಕಿನಲ್ಲಿ ಸಾರಿ, ಕಪ್ಪನ್ನು ಜೀಪಿನ ಹಿಂದಿನ ಸೀಟಿಗೆ ಎಸೆದರು. ಹಳದಿ ಕಾರನ್ನು ಕಿತ್ತುಕೊಂಡು, ಉದ್ದನೆಯ ಅಂಗಿಯನ್ನೂ ಅಲ್ಲೇ ಬಿಚ್ಚಿಸಿಕೊಂಡು ಹೋದರು. ನಾನು ಹೊಲಿದ ತೋಳಿನ ಅಂಗಿ.

ಬಿಸಿಲು ಇಳಿಯುವ ಮೊದಲೇ ಅಂತೋಣಿ ಮೇಸ್ತ್ರಿ ಗಾರೆ ಕಲಸಿದ. ಗಾಲಿಯ ಗುರುತು ಎಲ್ಲಕ್ಕಿಂತ ದಟ್ಟವಾಗಿದ್ದ ಕಡೆ ಅಡ್ಡಕ್ಕೆ ದಾರ ಕಟ್ಟಿ, ಮೊಣಕಾಲೆತ್ತರ ಇಟ್ಟಿಗೆ ಇಟ್ಟ. ಲೈನಿನವರೆಲ್ಲ ಸುತ್ತ ನಿಂತೆವು. ಜೈತುನ್ ಒಂದು ಲೋಟ ಕಾಫಿ ತಂದು ನೆಲದ ಮೇಲೆ ಇಟ್ಟಳು. ಹಬೆ ಎದ್ದಿತು, ಸಣ್ಣಗಾಯಿತು, ನಿಂತಿತು. ಕೆನೆ ಕಟ್ಟಿತು. ಅಂತೋಣಿ ಬೆರಳದ್ದಿ ನೋಡಿ, “ತಣ್ಣಗಾಗಿದೆ,” ಅಂದ.

ಗೋಡೆ ನಿಂತಿತ್ತು.

“ಈಗ ಏನಂತ ಕೂಗೋದ್ರೀ?” ಅಂದಳು ಜೈತುನ್. ಇಡೀ ದಿನ ತಡೆದುಕೊಂಡ ಬಾಯಿ ಅವಳದ್ದು. “ನಾವು... ನಾವು ಅದು, ಅಂತ ಹೇಳೋ ಹಾಗೂ ಇಲ್ಲವಲ್ಲ!”

“ಗೋಡೆ ನಿಂತಿದೆ ಅಂತ ಕೂಗು ತಾಯಿ,” ಅಂದ ಅಂತೋಣಿ.

“ಗೋಡೆ ನಿಂತಿದೇ!” ಅಂತ ಕೂಗಿದಳು. ಮೂರು ಬೀದಿಯಾಚೆಗೆ ಕೇಳಿಸಿರಬೇಕು. ಕೆಲವರು ಅತ್ತರು. ನನಗೆ ಅಳು ಬರಲಿಲ್ಲ. ಇಷ್ಟಕ್ಕೇ ಕುಣಿಯುವ ಹಾಗೆ ಮಾಡಿದ್ದಾರಲ್ಲ ನಮ್ಮನ್ನು, ಮೊಣಕಾಲೆತ್ತರದ ಇಟ್ಟಿಗೆಗೆ ಕೈ ಮುಗಿಯುವ ಹಾಗೆ, ಅನ್ನಿಸಿ ಹಲ್ಲು ಕಡಿದೆ.

ಆಮೇಲೆ ಊಟ. ದಯಾ ಬಂದ, ಬನಿಯನ್ನಿನಲ್ಲಿ. ತಟ್ಟೆ ತಾನೇ ತೆಗೆದುಕೊಂಡ. ಅನ್ನ ಬಡಿಸಿದೆ, ಸಾರು ಹಾಕಿದೆ. ಗಂಗತ್ತೆ ತಡವರಿಸಿಕೊಂಡು ಬಂದು ಅವನ ತಲೆ, ಕೆನ್ನೆ, ಭುಜ ಎಲ್ಲ ಮುಟ್ಟಿ ನೋಡಿ ಒಳಗೆ ಹೋದಳು.

“ಸೆಕೆಂಡು ಅಂತಾದ್ರೂ ಹೇಳಕ್ಕ,” ಅಂದ ದಯಾ, ತಟ್ಟೆ ನೋಡಿಕೊಂಡು. ನಗಿಸಲು ಹೇಳಿದ್ದೋ ಚುಚ್ಚಲು ಹೇಳಿದ್ದೋ ತಿಳಿಯಲಿಲ್ಲ.

“ನೀನು ಸೆಕೆಂಡಾದ್ರೆ ಇನ್ನೊಬ್ಬ ಯಾರೋ ಅದಾಗ್ತಾನಲ್ಲೋ. ಸುಳ್ಳು ಹೇಳಿಯೂ ಮನೆ ಬೀಳಿಸಿಕೊಳ್ಳಲಾ?”

“ನಾಳೆ? ಮನೆಯೆಲ್ಲ ಕಟ್ಟಿ ಮುಗಿದ ಮೇಲೆ?”

“ಆಗಲೂ ಇಲ್ಲ. ಯಾವಾಗ ಹೇಳಿದ್ರೂ ಬೀಳೋದೇ.”

“ನಾನು ಸಾಯೋವಾಗ?”

“ಥೂ, ಬಿಡ್ತು ಅನ್ನು. ಅನ್ನ ತಿನ್ನು.”

ಅವನು ತಟ್ಟೆ ಎತ್ತಿಕೊಂಡು ಎದ್ದ. ಸೀದಾ ಹೋಗಿ ಆ ಹೊಸ ಗೋಡೆಯ ಮೇಲೆ ಧೊಪ್ಪನೆ ಕೂತ. ಸುತ್ತ ಇದ್ದವರೆಲ್ಲ ಹಾ ಅಂದರು.

“ಹಸಿ ಗೋಡೆ ಕಣೋ, ಏಳೋ ಮೇಲೆ! ಗಾರೆ ಇನ್ನೂ ಕಚ್ಚಿಲ್ಲ!” ಅಂತ ಅಂತೋಣಿ ಕರಣೆ ಎತ್ತಿಕೊಂಡು ಅರಚಿದ.

“ಬೀಳಲ್ಲ ಬಿಡು ಮೇಸ್ತ್ರಿ. ಒಲೆ ಹಚ್ಚಿದೋರು ಯಾರೂ ಏನೂ ಹೇಳಿಲ್ಲವಲ್ಲ,” ಅಂದ ದಯಾ.

ಅವನು ನಮಗೆ ಬೆನ್ನು ಮಾಡಿಕೊಂಡು ತುತ್ತಿನ ಮೇಲೆ ತುತ್ತು ತಿಂದ. ಅವನ ಭಾರಕ್ಕೆ ಮೇಲಿನ ಸಾಲಿನ ಒಂದು ಇಟ್ಟಿಗೆ ಜರುಗಿ, ಸಂದಿಯಿಂದ ಗಾರೆ ಹೊರಗೆ ಉಕ್ಕಿತು. ಅವನು ಎದ್ದ. ತಟ್ಟೆಯನ್ನು ನೆಲದ ಮೇಲಿಟ್ಟು, ಎಂಜಲು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಇಟ್ಟಿಗೆಯನ್ನು ದಾರದ ಸಾಲಿಗೆ ಸರಿಯಾಗಿ ತಳ್ಳಿದ. ಉಕ್ಕಿದ ಗಾರೆಯನ್ನು ಬೆರಳಿನಿಂದ ಸವರಿ ಮತ್ತೆ ಸಂದಿಗೆ ತುಂಬಿದ. ಆಮೇಲೆ ತಟ್ಟೆ ಎತ್ತಿಕೊಂಡು, ನನ್ನ ಕಡೆ ನೋಡದೆ, ಗೋಡೆಯ ಆಚೆ ಬದಿಗೆ ಹೋಗಿ ನೆಲದ ಮೇಲೆ ಕೂತ.